ಭಂಡಾರ ಮುಟ್ಟುವುದು, ಭಂಡಾರ ತೆರೆಯುವುದು

(ಸಂವಿಧಾನ ದಿನದ ಸಂಜೆ ವಿಜಯಪುರದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಎರಡು ಮೂರು ಕಡೆ ಬಿಟ್ಟುಹೋಗಿದ್ದ ವಿವರ ಸೇರಿಸಿದ್ದೇನೆ. ಉಳಿದದ್ದು ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಹೋದ ವರ್ಷ ಇದೇ ದಿನ ಮಾತು ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. ಇಂಡಿ ಕಡೆಯ ಒಕ್ಕಲುತನದವರು. ಹಿಡಿದ ಕೈ ಬಿಡದೆ ಕೇಳಿದರು: "ಸರ, ದೇವರ ಅಂಜಿಕಿ ಇಲ್ಲದವ ಒಂದು ಪುಸ್ತಕದ ಅಂಜಿಕಿ ಇಟ್ಕೋತಾನೇನ್ರಿ?"

ನಾನು ಏನೋ ಉತ್ತರ ಕೊಟ್ಟೆ. ಅವರು ತಲೆ ಅಲ್ಲಾಡಿಸಿ ಹೋದರು. ಆ ಉತ್ತರ ಅವರಿಗೆ ಸಾಲಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾಗಿತ್ತು, ಮನೆಗೆ ಹೋಗುವ ಹೊತ್ತಿಗೆ ನನಗೂ ಸಾಲಲಿಲ್ಲ. ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು. ಅಷ್ಟು ವರ್ಷಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಇವತ್ತಿನ ಮಾತು ಅವರಿಗೆ ಕೊಡಬೇಕಿದ್ದ ಉತ್ತರ.

ಮೊದಲು ಒಂದು ಒಪ್ಪಿಕೊಳ್ಳೋಣ. ಇದು ಹಳ್ಳಿಯ ಮುಗ್ಧ ಪ್ರಶ್ನೆಯಲ್ಲ. ದೇಶಗಳನ್ನು ಕಟ್ಟಿದವರೇ ಇದನ್ನು ಕೇಳಿಕೊಂಡಿದ್ದಾರೆ. ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ 1798ರ ಅಕ್ಟೋಬರ್‌ನಲ್ಲಿ ಮೆಸಾಚುಸೆಟ್ಸ್‌ನ ಸೇನಾದಳಕ್ಕೆ ಒಂದು ಪತ್ರ ಬರೆದರು. ನಮ್ಮ ಸಂವಿಧಾನ ಇರುವುದು ನೀತಿವಂತರೂ ಧರ್ಮವಂತರೂ ಆದ ಜನಕ್ಕೆ ಮಾತ್ರ, ಬೇರೆ ಎಂಥವರನ್ನೂ ಆಳಲು ಅದು ಸಾಲದು ಎಂಬುದು ಆ ಪತ್ರದ ತಿರುಳು. ಅದರಲ್ಲಿ ಒಂದು ಹೋಲಿಕೆ ಇದೆ: ಕಡಿವಾಣವಿಲ್ಲದ ದುರಾಸೆ, ಅಧಿಕಾರದ ಹಪಾಹಪಿ ಇವೆಲ್ಲ ಸಂವಿಧಾನದ ಗಟ್ಟಿ ಹಗ್ಗಗಳನ್ನೂ ತಿಮಿಂಗಿಲ ಬಲೆ ಹರಿದಂತೆ ಹರಿದುಹಾಕುತ್ತವೆ. ನಮ್ಮ ಇಂಡಿಯ ಹಿರಿಯರು ಕೇಳಿದ್ದೂ ಇದನ್ನೇ.

ಆದರೆ ಅದೇ ವರ್ಷ ಜುಲೈನಲ್ಲಿ ಅದೇ ಆಡಮ್ಸ್ ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದರು. ಸರ್ಕಾರವನ್ನು ಕಟುವಾಗಿ ಟೀಕಿಸಿ ಬರೆದರೆ ಜೈಲು ಎನ್ನುವ ರಾಜದ್ರೋಹ ಕಾಯ್ದೆ ಅದು. ಪತ್ರಿಕೆ ನಡೆಸುವವರು ಅದರಡಿ ಶಿಕ್ಷೆಗೆ ಒಳಗಾದರು. ಆಡಮ್ಸ್ ದೈವಭಕ್ತರು, ಅದರಲ್ಲಿ ಅನುಮಾನವಿಲ್ಲ. ಲಂಚಕೋರರೂ ಅಲ್ಲ. ಆ ಭಕ್ತಿ ಆ ಸಹಿಯನ್ನು ತಡೆಯಲಿಲ್ಲ. ತಡೆದದ್ದು 1800ರ ಚುನಾವಣೆ. ಆಡಮ್ಸ್ ಸೋತರು, 1801ರ ಮಾರ್ಚ್‌ನಲ್ಲಿ ಆ ಕಾಯ್ದೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಅವರು ಹೊಗಳುತ್ತಿದ್ದ ಆ ಸಂವಿಧಾನದಲ್ಲಿ ದೇವರ ಹೆಸರಿಲ್ಲ. ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇಡಬಾರದು ಎಂದು ಅದರ ಆರನೆಯ ವಿಧಿ ಹೇಳುತ್ತದೆ.

ಇನ್ನು ನಮ್ಮ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಒಂದು ಸಾಲೂ ಬರುವುದಿಲ್ಲ.

1949ರ ಅಕ್ಟೋಬರ್ 17. ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ. ಅಧ್ಯಕ್ಷ ಪೀಠದಲ್ಲಿ ರಾಜೇಂದ್ರ ಪ್ರಸಾದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಎದ್ದುನಿಂತು ತಿದ್ದುಪಡಿ ಮಂಡಿಸುತ್ತಾರೆ: ಪೀಠಿಕೆ "ಭಾರತದ ಜನರಾದ ನಾವು" ಎಂದು ಆರಂಭವಾಗುವುದು ಬೇಡ, "ದೇವರ ಹೆಸರಿನಲ್ಲಿ, ಭಾರತದ ಜನರಾದ ನಾವು" ಎಂದಿರಲಿ. ಕಾಮತರು ಕಪಟಿಯಲ್ಲ, ಒಳ್ಳೆಯ ದೇಶಭಕ್ತರು, ಮನಸ್ಸಿನಿಂದ ಕೇಳಿದ್ದರು. ಆದರೆ ಸಭೆಗೆ ಕಸಿವಿಸಿಯಾಯಿತು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆ, ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದರು. ಹೃದಯನಾಥ ಕುಂಜ್ರು ಅವರದೂ ಅದೇ ನೋವು: ಮನುಷ್ಯನ ಅತ್ಯಂತ ಪವಿತ್ರ ಭಾವನೆಯ ವಿಷಯದಲ್ಲಿ ಒಬ್ಬರ ಮನಸ್ಸನ್ನು ಇನ್ನೊಬ್ಬರ ಮೇಲೆ ಹೇರಬಾರದು. ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಬೇಡಿಕೊಂಡರು: ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ.

ಕಾಮತರು ಬಿಡಲಿಲ್ಲ. ಮತಕ್ಕೆ ಹಾಕಿಸಿದರು. ಪರ 41, ವಿರುದ್ಧ 68. ದೇವರ ಹೆಸರು ಸೋತಿತು ಎನ್ನುವುದಕ್ಕಿಂತ, ಅಲ್ಲಿದ್ದ ಆಸ್ತಿಕರೇ ಅದನ್ನು ಅಲ್ಲಿ ಇಡಲು ಒಪ್ಪಲಿಲ್ಲ ಎನ್ನಬೇಕು. ಬೆಳಿಗ್ಗೆ ಪೂಜೆ ಮಾಡಿ, ನಮಾಜು ಮಾಡಿ ಸಭೆಗೆ ಬಂದವರು ಅವರಲ್ಲಿ ಎಷ್ಟೋ ಜನ. ತಮ್ಮ ಮನೆಯ ದೇವರನ್ನು ಸರ್ಕಾರದ ಕಾಗದದ ಮೇಲೆ ಜಾಮೀನು ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಬೇರೆ ದಾರಿ ಹಿಡಿದಿತ್ತು. ಸಾರ್ವಭೌಮತ್ವ ದೇವರದ್ದು ಎಂದು ನಿರ್ಣಯ ಮಾಡಿತು. 1956ರಲ್ಲಿ ಬಂದ ಅವರ ಮೊದಲ ಸಂವಿಧಾನವನ್ನು 1958ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರೇ ರದ್ದು ಮಾಡಿ ಸೇನಾಡಳಿತ ತಂದರು. ನೆರೆಮನೆಯವರ ಕಷ್ಟ ಹೇಳಿ ಹಿಗ್ಗುವುದಕ್ಕೆ ಇದನ್ನು ಹೇಳುತ್ತಿಲ್ಲ. ದೇವರ ಹೆಸರು ಮೊದಲ ಸಾಲಿನಲ್ಲಿ ಇದ್ದದ್ದಕ್ಕೆ ಕೈ ನಡುಗಲಿಲ್ಲ ಎಂಬುದಷ್ಟೇ ನಾನು ತೋರಿಸಬೇಕಾದದ್ದು. ನಮ್ಮಲ್ಲೂ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಬಿದ್ದಾಗ ಸಂಪುಟಕ್ಕೆ ಸುದ್ದಿ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಆ ಸಂಪುಟದಲ್ಲಿದ್ದವರೆಲ್ಲ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿದ್ದವರೇ.

ಹಾಗಾದರೆ ದೇವರು ನಮ್ಮ ಸಂವಿಧಾನದ ಹೊರಗೇ ಉಳಿದನೇ? ಇಲ್ಲ. ಮೂರನೆಯ ಅನುಸೂಚಿ ತೆಗೆದು ನೋಡಿ. ಮಂತ್ರಿಯ ಪ್ರಮಾಣವಚನದಲ್ಲಿ ಎರಡು ಬಾಗಿಲುಗಳಿವೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಯಾವ ಬಾಗಿಲಿನಿಂದ ಒಳಗೆ ಬಂದರೂ ಮುಂದಿನ ಮಾತು ಒಂದೇ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲರಿಗೂ ನ್ಯಾಯ ಮಾಡುತ್ತೇನೆ. ಈ 'ರಾಗದ್ವೇಷ' ಎಂಬ ಪದದ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ. ಜೈನ ಬಸದಿಯಲ್ಲಿ, ಬೌದ್ಧರ ಬೋಧನೆಯಲ್ಲಿ, ಮಠದ ಪ್ರವಚನದಲ್ಲಿ ನಮ್ಮ ಜನ ನೂರಾರು ವರ್ಷ ಕೇಳಿದ ಪದ. ಅದು ಈಗ ಒಬ್ಬ ನೀರಾವರಿ ಮಂತ್ರಿಯ ಬಾಯಲ್ಲಿ, ರಾಜ್ಯಪಾಲರ ಎದುರು. ಧರ್ಮದ ಒಳ್ಳೆಯ ಮಾತು ಸಂವಿಧಾನಕ್ಕೆ ಬಂದದ್ದು ಹೀಗೆ, ಯಾರ ದೇವರ ಹೆಸರನ್ನೂ ಕಡ್ಡಾಯ ಮಾಡದೆ.

ಈಗ ಆ ಹಿರಿಯರ ಪ್ರಶ್ನೆಯ ಹತ್ತಿರ ಬರುತ್ತೇನೆ. ದೇವರ ಅಂಜಿಕೆ.

ನಮ್ಮ ಸುತ್ತಿನ ಊರುಗಳಲ್ಲಿ ಚುನಾವಣೆಯ ಹಿಂದಿನ ರಾತ್ರಿ ಏನು ನಡೆಯುತ್ತದೆ ಎಂಬುದು ಇಲ್ಲಿ ಕುಳಿತ ಯಾರಿಗೂ ಹೊಸತಲ್ಲ. ಮನೆಮನೆಗೆ ನೋಟು ಬರುತ್ತದೆ. ನೋಟಿನ ಜೊತೆಗೆ ದೇವರೂ ಬರುತ್ತಾನೆ. ಫೋಟೋದ ಮೇಲೆ ಕೈ ಇಡಿಸುತ್ತಾರೆ, ತೆಂಗಿನಕಾಯಿ ಮುಟ್ಟಿಸುತ್ತಾರೆ, ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಹಿಡಿಸಿ ಆಣೆ ಮಾಡಿಸುತ್ತಾರೆ. ದುಡ್ಡು ತಗೊಂಡ ಮೇಲೆ ನಮಗೇ ಹಾಕಬೇಕು, ಇಲ್ಲದಿದ್ದರೆ ದೇವರು ನೋಡಿಕೊಳ್ಳುತ್ತಾನೆ. ಬಡವ ಆ ಆಣೆ ಉಳಿಸಿಕೊಳ್ಳುತ್ತಾನೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗ ಬೇರೆಯವರಿಗೆ ಮತ ಹಾಕೋಣ ಎಂದಾಗ ತಾಯಿ ಅತ್ತಳು. "ಬೀರದೇವರ ಭಂಡಾರ ಮುಟ್ಟೀನೋ, ಮಕ್ಕಳು ಮರಿ ಇರೂ ಮನಿ" ಎಂದಳು. ದೇವರ ಅಂಜಿಕೆ ಇದ್ದದ್ದು ಯಾರಿಗೆ ನೋಡಿ. ಆಣೆ ಮಾಡಿದವಳಿಗೆ ಇತ್ತು, ಮಾಡಿಸಿದವನಿಗೆ ಇರಲಿಲ್ಲ. ಅವಳ ಭಕ್ತಿಯನ್ನು ಅವನು ಅಡ ಇಟ್ಟುಕೊಂಡ.

ಇದು ನಮ್ಮ ಕಾನೂನು ಬರೆದವರಿಗೆ ಮೊದಲೇ ಹೊಳೆದಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಭ್ರಷ್ಟ ಆಚರಣೆಗಳನ್ನು ಹೇಳುತ್ತದೆ. ಅದರಲ್ಲಿ ಲಂಚ ಇದೆ, ಜಾತಿ ಧರ್ಮದ ಹೆಸರಿನಲ್ಲಿ ಮತ ಕೇಳುವುದಿದೆ. ಜೊತೆಗೆ, ಮತದಾರನಿಗೆ ದೇವರು ಮುನಿಯುತ್ತಾನೆ ಎಂದು ನಂಬಿಸಲು ನೋಡುವುದನ್ನೂ ಅದು ಅನುಚಿತ ಪ್ರಭಾವ ಎಂದು ಎಣಿಸುತ್ತದೆ. ದೇವರ ಮುನಿಸಿನಿಂದ ಬಡವರನ್ನು ಕಾಯುವ ಕಲಂ ಇದು. ಆ ತಾಯಿಗೆ ಈ ಮಾತು ಯಾರೂ ಹೇಳಿರಲಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬ, ಆಗ ನನಗೆ ಹೊಳೆಯಲಿಲ್ಲ. ದಯವಿಟ್ಟು ನೀವು ನಿಮ್ಮ ಮನೆಯ ಹಿರಿಯರಿಗೆ ಹೇಳಿ: ತಪ್ಪು ಕೆಲಸಕ್ಕೆ ಹಿಡಿಸಿದ ಆಣೆ ಅವರನ್ನು ಕಟ್ಟಿಹಾಕುವುದಿಲ್ಲ.

ಇನ್ನೊಂದು ದೃಶ್ಯ. ಊರಿನ ಹೆಸರು ಬೇಡ, ಬಸವನ ಬಾಗೇವಾಡಿ ಕಡೆಯದು ಎಂದಿಟ್ಟುಕೊಳ್ಳಿ. ಅಲ್ಲಿಯ ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಹೋಗಿದ್ದೆ. ಜಮಾಬಂದಿ ಎಂದರೆ ಹಿಂದಿನ ವರ್ಷದ ಲೆಕ್ಕಪತ್ರ, ಕಾಮಗಾರಿಗಳ ಕಡತ ಎಲ್ಲವನ್ನೂ ಊರವರ ಮುಂದೆ ಇಟ್ಟು ತಾಳೆ ನೋಡುವ ಸಭೆ. ಬಹಳ ಕಡೆ ಮೂರು ಸಹಿ, ಒಂದು ಕಪ್ ಚಹಾದಲ್ಲಿ ಮುಗಿಯುತ್ತದೆ. ಅವತ್ತು ಮುಗಿಯಲಿಲ್ಲ.

ಎಪ್ಪತ್ತು ದಾಟಿದ ಆಯಿಯೊಬ್ಬಳು ಎದ್ದು ನಿಂತಳು. ಅವಳ ಓಣಿಯ ಗಟಾರ ಗುಡಿಯಿಂದ ಶಾಲೆಯವರೆಗೆ ಆಗಿದೆ ಎಂದು ಓದಿದ್ದರು. ಗಟಾರ ಅವಳ ಮನೆ ಬಾಗಿಲಿಗೆ ಬಂದು ನಿಂತುಬಿಟ್ಟಿತ್ತು. ಓಣಿಯ ಹೊಲಸು ನೀರೆಲ್ಲ ಅವಳ ಅಂಗಳದಲ್ಲಿ. ಅವಳು ಅದನ್ನೇ ಹೇಳಿದಳು, ಜೋರು ಮಾಡದೆ. ಸದಸ್ಯನಾಗಿದ್ದ ಯುವಕನ ಮುಖ ಕೆಂಪಾಯಿತು. ಎದುರಿಗೇ ಬೀರದೇವರ ಗುಡಿ. ಎದ್ದು ಹೋಗಿ ಮುಷ್ಟಿ ತುಂಬ ಭಂಡಾರ ತಂದ. "ಒಂದ್ ಪೈಸಾ ತಿಂದಿದ್ರ ಈ ಭಂಡಾರದ ಆಣಿ" ಎಂದ. ಕೂತಿದ್ದವರೆಲ್ಲ ಮೆತ್ತಗಾದರು. ನಮ್ಮ ಕಡೆ ಭಂಡಾರ ಮುಟ್ಟಿದ ಮೇಲೆ ಮಾತು ಮುಗಿದ ಹಾಗೆ.

ಆಯಿ ಕೂರಲಿಲ್ಲ. "ಯಪ್ಪಾ, ಭಂಡಾರ ಕೆಳಗಿಡು. ಪಾವತಿ ತೋರಸು."

ನಾನು ಆ ಮಾತನ್ನು ಮನೆಗೆ ಬಂದು ಬರೆದಿಟ್ಟುಕೊಂಡೆ. ಸಂವಿಧಾನದ ಬಗ್ಗೆ ನಾನು ಓದಿದ ಯಾವ ವ್ಯಾಖ್ಯಾನಕ್ಕೂ ಅದು ಕಡಿಮೆಯಲ್ಲ. ಅವಳು ಬೀರದೇವರನ್ನು ಅಲ್ಲಗಳೆಯಲಿಲ್ಲ, ಆ ಹುಡುಗನನ್ನು ಕಳ್ಳ ಎನ್ನಲಿಲ್ಲ. ನಿನ್ನ ದೇವರ ಮುಂದೆ ನೀನು ನಿಲ್ಲುವುದು ನಿನಗೆ ಬಿಟ್ಟದ್ದು, ನನ್ನ ಮುಂದೆ ನಿಲ್ಲುವಾಗ ಕಾಗದ ಹಿಡಿದು ನಿಲ್ಲು ಎಂದಳು.

ನಮ್ಮ ಜಿಲ್ಲೆಗೆ ಈ ಮಾತು ಹೊಸದಲ್ಲ. ಬಸವಣ್ಣನವರು ಹುಟ್ಟಿದ ನೆಲ ಇದು. ಅವರು ಬಿಜ್ಜಳನ ಭಂಡಾರಿ, ಅಂದರೆ ಬೊಕ್ಕಸದ ಹೊಣೆ ಹೊತ್ತವರು. ಪುರಾಣಗಳಲ್ಲಿ ಬರುವ ಪ್ರಸಂಗ ನಿಮಗೆಲ್ಲ ಗೊತ್ತು: ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಚಾಡಿ ಹೇಳುತ್ತಾರೆ, ಬಿಜ್ಜಳ ಲೆಕ್ಕ ಕೇಳುತ್ತಾನೆ, ಬೊಕ್ಕಸ ಎಣಿಸಿದರೆ ಎಲ್ಲ ಸರಿಯಿರುತ್ತದೆ. ನಾವು ಇದನ್ನು ಪವಾಡ ಎಂದು ಕೇಳಿ ಕೈ ಮುಗಿಯುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೇರೆ. ಬಸವಣ್ಣನಂಥ ಬಸವಣ್ಣನನ್ನೂ ಲೆಕ್ಕ ಕೇಳಿದರು. "ನನ್ನನ್ನೇ ಕೇಳುತ್ತೀರಾ, ನಾನು ಶಿವಭಕ್ತ" ಎಂದು ಆತ ಸಿಟ್ಟಾಗಲಿಲ್ಲ. ಭಂಡಾರ ತೆರೆದು ತೋರಿಸಿದ. ಒಂದು ಭಂಡಾರವನ್ನು ಮುಟ್ಟಿ ಆಣೆ ಮಾಡುವುದಕ್ಕೂ ಇನ್ನೊಂದು ಭಂಡಾರವನ್ನು ತೆರೆದು ಎಣಿಸಲು ಬಿಡುವುದಕ್ಕೂ ಇರುವ ಅಂತರ ನಮ್ಮ ಭಾಷೆಯಲ್ಲೇ ಇದೆ. ಶರಣೆ ಸತ್ಯಕ್ಕನೂ ಆಣೆ ಮಾಡಿದ್ದಾಳೆ, ಲಂಚಕ್ಕೆ ಕೈಯೊಡ್ಡೆನು, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನು ಎಂದು. ಆದರೆ ಅವಳು ಆಣೆ ಇಟ್ಟದ್ದು ತನ್ನ ಮೇಲೆ ತಾನೇ. ಇನ್ನೊಬ್ಬರ ಬಾಯಿ ಮುಚ್ಚಿಸಲು ಅಲ್ಲ.

ಇನ್ನು ವಿಜಯಪುರದಲ್ಲಿ ನಿಂತು ಈ ವಿಷಯ ಮಾತಾಡುವಾಗ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆಯದೆ ಮುಂದೆ ಹೋಗಲಾರೆ. 2023ರ ಜನವರಿ 2ರಂದು ಅವರು ಹೋದಾಗ ಈ ಊರಿನ ರಸ್ತೆಗಳು ಹೇಗೆ ತುಂಬಿದ್ದವು ಎಂಬುದನ್ನು ನೀವೆಲ್ಲ ಕಂಡವರು. ಅವರ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಎಂದರು. ತಮಗೆ ಸಮಾಧಿ ಕಟ್ಟಬೇಡಿ, ಸ್ಮಾರಕ ಬೇಡ, ದೇಹವನ್ನು ಅಗ್ನಿಗೆ ಕೊಡಿ ಎಂದು ಮೊದಲೇ ಬರೆದಿಟ್ಟಿದ್ದರು. ನಂಬಿಕೆ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಹುದು ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಅದು. ಅಂಥವರನ್ನು ಕಂಡ ಜನ, ನಮ್ಮನ್ನು ಆಳುವವರೂ ಹೀಗೇ ಇದ್ದರೆ ಕಾನೂನು ಯಾಕೆ ಬೇಕು ಎಂದು ಆಸೆ ಪಡುವುದು ಸಹಜ.

ಆದರೆ ನಮ್ಮನ್ನು ಆಳಲು ಬರುವವರ ಅಂಗಿಗೆ ಕಿಸೆ ಇರುತ್ತದೆ. ನನ್ನ ಅಂಗಿಗೂ ಇದೆ. ಸಂವಿಧಾನ ಬರೆದದ್ದು ಕಿಸೆ ಇರುವ ನಮ್ಮಂಥವರಿಗಾಗಿ. ಅದಕ್ಕೇ ಅದರಲ್ಲಿ ಮಹಾಲೇಖಪಾಲರ ಹುದ್ದೆ ಇದೆ. ಸರ್ಕಾರದ ಪ್ರತಿ ರೂಪಾಯಿಯ ಲೆಕ್ಕ ನೋಡುವ ಆ ಅಧಿಕಾರಿಯನ್ನು ಡಾ. ಅಂಬೇಡ್ಕರ್ ಸಂವಿಧಾನದಲ್ಲೇ ಬಹುಶಃ ಅತಿ ಮುಖ್ಯ ಅಧಿಕಾರಿ ಎಂದರು. ಅದಕ್ಕೇ ಮಂತ್ರಿಮಂಡಲ ಸದನಕ್ಕೆ ಒಟ್ಟಾಗಿ ಹೊಣೆ ಎಂಬ ವಿಧಿ ಇದೆ. ತುರ್ತು ಪರಿಸ್ಥಿತಿಯ ಪಾಠ ಕಲಿತ ಮೇಲೆ 1978ರ 44ನೇ ತಿದ್ದುಪಡಿಯಲ್ಲಿ ಒಂದು ಮಾತು ಸೇರಿಸಿದರು: ಸಂಪುಟದ ತೀರ್ಮಾನ ಬರವಣಿಗೆಯಲ್ಲಿ ಬರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಬರವಣಿಗೆಯಲ್ಲಿ. ಅಂದರೆ ಆಯಿ ಕೇಳಿದ ಪಾವತಿ, ದಿಲ್ಲಿಯ ಮಟ್ಟದಲ್ಲಿ.

ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಬಹಿಷ್ಕೃತ ವರ್ಗಗಳ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಅವರು ಮುಂದೆ ಬರೆದ ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮ ಪಾಲಿಸುವ ಹಕ್ಕು ಕೊಟ್ಟಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ಕಿತ್ತುಹಾಕಿತು. ಎರಡನ್ನೂ ಜೊತೆಗೆ ಓದಿ. ಅಸ್ಪೃಶ್ಯತೆ ಆಚರಿಸಿದವರು ನಾಸ್ತಿಕರಾಗಿರಲಿಲ್ಲ. ಬೆಳಗಾದರೆ ಸ್ನಾನ ಮಾಡಿ ದೇವರಿಗೆ ಹೂ ಏರಿಸುವವರೇ ಬಾವಿಯ ಹಗ್ಗ ಮುಟ್ಟಗೊಡಲಿಲ್ಲ. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ, ನನ್ನ ಅಜ್ಜನ ಮನೆಯಲ್ಲೂ ಇದು ನಡೆದದ್ದು. ದೈವಭಕ್ತಿ ಒಂದೇ ಸಾಕಾಗಿದ್ದರೆ 17ನೇ ವಿಧಿ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ, 1949ರ ನವೆಂಬರ್ 25ರಂದು, ಅಂಬೇಡ್ಕರ್ ಭಕ್ತಿಯ ಮಾತು ತೆಗೆದರು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ. ಮರುದಿನ ರಾಜೇಂದ್ರ ಪ್ರಸಾದರು ಇನ್ನೊಂದು ಮಗ್ಗುಲು ಹೇಳಿದರು: ಆರಿಸಿ ಬಂದವರು ಸಮರ್ಥರೂ ಶೀಲವಂತರೂ ಆಗಿದ್ದರೆ ದೋಷವಿರುವ ಸಂವಿಧಾನದಿಂದಲೂ ಒಳ್ಳೆಯದು ಮಾಡುತ್ತಾರೆ, ಅದಿಲ್ಲದಿದ್ದರೆ ಸಂವಿಧಾನ ದೇಶಕ್ಕೆ ನೆರವಾಗದು. ಈ ಎರಡನ್ನು ಒಂದರ ವಿರುದ್ಧ ಒಂದು ನಿಲ್ಲಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಶೀಲವಂತರನ್ನು ಆರಿಸಿ, ಆರಿಸಿದ ಮೇಲೆ ಅವರನ್ನು ಪೂಜಿಸಬೇಡಿ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾಳೆ, ಓದುತ್ತೇನೆ: "ಲೆಕ್ಕ ನೋಡುವವನೇ ಕಳ್ಳನಾದರೆ?" ಒಳ್ಳೆಯ ಏಟು ಕೊಟ್ಟೆ ತಂಗಿ. ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಯಾವ ಲೆಕ್ಕಾಧಿಕಾರಿಯ ಮೇಲೂ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ ಎಂದು ಇಡುತ್ತ ಹೋಗಲಾಗದು. ಎಲ್ಲೋ ಒಂದು ಕಡೆ ಯಾರೂ ನೋಡದಿದ್ದಾಗಲೂ ಸರಿಯಾಗಿ ನಡೆಯುವ ಮನುಷ್ಯ ಬೇಕು. ಆ ಮನುಷ್ಯನನ್ನು ಸಂವಿಧಾನ ತಯಾರಿಸಲಾರದು. ಅವನನ್ನು ತಾಯಿ ತಯಾರಿಸುತ್ತಾಳೆ, ಶಾಲೆಯ ಗುರು, ಮಠ, ಮಸೀದಿ, ಚರ್ಚು, ಕೆಲವೊಮ್ಮೆ ದೇವರನ್ನೇ ನಂಬದ ಒಬ್ಬ ಪ್ರಾಮಾಣಿಕ ಅಪ್ಪ. ಇಂಡಿಯ ಹಿರಿಯರ ಮಾತು ಇಷ್ಟರ ಮಟ್ಟಿಗೆ ನಿಜ, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ನಿನ್ನ ಪ್ರಾಮಾಣಿಕತೆ ಯಾವ ಬಾವಿಯಿಂದ ಸೇದಿದ್ದು ಎಂದು ಸಂವಿಧಾನ ಕೇಳುವುದಿಲ್ಲ. ಕೊಡ ತುಂಬಿದೆಯೋ ಇಲ್ಲವೋ ಎಂದು ನೋಡುತ್ತದೆ.

ಮತ್ತೊಂದು ಮಾತು. ಸಂವಿಧಾನಕ್ಕೆ ಧರ್ಮದ ಆಸರೆ ಬೇಕೇ ಎಂದು ಕೇಳುತ್ತೇವೆ, ಧರ್ಮವೇ ಸಂವಿಧಾನದ ಬಾಗಿಲಿಗೆ ಬಂದ ದಿನವನ್ನು ಮರೆಯುತ್ತೇವೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಜಮೀನಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು, 68 ದಿನಗಳ ವಾದ. 1973ರ ಏಪ್ರಿಲ್ 24ರಂದು ತೀರ್ಪು, ಏಳು ಆರರ ಅಂತರ. ಜಮೀನಿನ ವಿಷಯದಲ್ಲಿ ಸ್ವಾಮಿಗಳಿಗೆ ಹೆಚ್ಚೇನೂ ದಕ್ಕಲಿಲ್ಲ. ನಮಗೆ ದಕ್ಕಿತು: ಸಂಸತ್ತಿಗೆ ಎಷ್ಟೇ ಬಹುಮತವಿದ್ದರೂ ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ. ಕನ್ನಡದ ಒಂದು ಮಠ ಹಾಕಿದ ಅರ್ಜಿ ಇಡೀ ದೇಶದ ಎಲ್ಲ ಮತದವರನ್ನೂ, ಮತವಿಲ್ಲದವರನ್ನೂ ಕಾಯುತ್ತಿದೆ.

ಆ ಜಮಾಬಂದಿಯ ದಿನ ಆಮೇಲೆ ಏನಾಯಿತು ಎಂದು ಹೇಳದೆ ಇಳಿದರೆ ನೀವು ಬಿಡುವುದಿಲ್ಲ. ಪಾವತಿ ಬಂತು, ಅದರ ಜೊತೆಗೆ ಎಂಜಿನಿಯರರ ಅಳತೆ ಪುಸ್ತಕವೂ ಬಂತು. ಆಯಿಗೆ ಓದಲು ಬರುವುದಿಲ್ಲ. ಒಂಬತ್ತನೇ ತರಗತಿಯ ಮೊಮ್ಮಗಳು ಗಟ್ಟಿಯಾಗಿ ಓದಿದಳು: 120 ಮೀಟರ್. ಸಭೆಗೆ ಬಂದಿದ್ದ ತಾಲ್ಲೂಕಿನ ಅಧಿಕಾರಿ ಎದ್ದರು, ಟೇಪು ತರಿಸಿದರು. ಇಡೀ ಸಭೆ ಗಟಾರದ ಗುಂಟ ನಡೆಯಿತು. ಟೇಪಿನ ಒಂದು ತುದಿ ಆ ಯುವ ಸದಸ್ಯನ ಕೈಯಲ್ಲೇ ಇತ್ತು. ಆಯಿಯ ಹೊಸ್ತಿಲಿಗೆ ಬಂದಾಗ 86. ಯಾರೂ ಮಾತಾಡಲಿಲ್ಲ. ಅಧಿಕಾರಿ ಅಲ್ಲೇ ಕಟ್ಟೆಯ ಮೇಲೆ ಕೂತು ವರದಿ ಬರೆಯತೊಡಗಿದರು, 34 ಮೀಟರ್ ವ್ಯತ್ಯಾಸ ಎಂದು. ಸದಸ್ಯನ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು, ಬೆರಳ ಸಂದಿಯಿಂದ ಹಳದಿ ಉದುರುತ್ತಿತ್ತು. ಆಯಿ ಅವನ ಹತ್ತಿರ ಹೋಗಿ ಆ ಮುಷ್ಟಿ ಬಿಡಿಸಿದಳು. ಒಂದು ಚಿಟಿಕೆ ಭಂಡಾರ ತಗೊಂಡು ತನ್ನ ಹಣೆಗೆ ಹಚ್ಚಿಕೊಂಡಳು, ಇನ್ನೊಂದು ಚಿಟಿಕೆ ಅವನ ಹಣೆಗೆ ಹಚ್ಚಿದಳು. ಆಮೇಲೆ ಅಂಗಳದ ನೀರು ದಾಟಲು ಇಟ್ಟಿದ್ದ ಕಲ್ಲಿನ ಮೇಲೆ ಕಾಲಿಟ್ಟು, ಸೀರೆ ಎತ್ತಿ ಹಿಡಿದು ಒಳಗೆ ಹೋದಳು.